ಪಕ್ಕದ ಸೀಟಿನ ನಂಬರು

ಅಪ್ಪ ಅಮ್ಮ ಇಟ್ಟ ಹೆಸರಿನಿಂದ ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವಳು ನಂಬರಮ್ಮ. ಇಪ್ಪತ್ತೆರಡು ವರ್ಷದಿಂದ ಶಾಲೆ, ಕಾರ್ಖಾನೆ, ಗೋದಾಮು ಅಂತ ಸುತ್ತಿ, ಜನರ ಕಣ್ಣು ಪರೀಕ್ಷೆ ಮಾಡಿ ಕನ್ನಡಕದ ನಂಬರು ಬರೆದುಕೊಡುವುದು ಅವಳ ಕೆಲಸ. ಮುಖ ಮರೆತಾಳು, ನಂಬರು ಮರೆಯಳು. ದಾರಿಯಲ್ಲಿ ಯಾರಾದರೂ ನಕ್ಕು ಮಾತಾಡಿಸಿದರೆ ಒಂದು ಗಳಿಗೆ ಕಣ್ಣು ಕಿರಿದು ಮಾಡಿ, "ಗೊತ್ತಾಯ್ತು ಬಿಡಿ, ಮೈನಸ್ ಎರಡೂವರೆ ಅಲ್ವಾ ನೀವು?" ಎನ್ನುತ್ತಿದ್ದಳು. ಮದುವೆಯಾಗಿರಲಿಲ್ಲ. ತಮ್ಮನ ಮನೆಯ ಮಹಡಿ ಕೋಣೆಯಲ್ಲಿ ಇದ್ದಳು. ಯಾರಾದರೂ ದೆವ್ವದ ಮಾತೆತ್ತಿದರೆ "ಮೊದಲು ಕಣ್ಣು ಟೆಸ್ಟ್ ಮಾಡಿಸ್ಕೊಳ್ಳಿ" ಅಂತ ಬಾಯಿ ಮುಚ್ಚಿಸಿಬಿಡುತ್ತಿದ್ದಳು.

ಆ ದಿನ ಬೆಳಗಿನಿಂದಲೇ ಯಾವುದೂ ನೆಟ್ಟಗಿರಲಿಲ್ಲ. ನಲ್ಲಿ ತಿರುಗಿಸಿದರೆ ತಿರುಪೇ ಕೈಗೆ ಬಂತು. ಮೆಟ್ಟಿಲಿಳಿಯುವಾಗ ಚಪ್ಪಲಿಯ ಬಾರು ಕಿತ್ತಿತು. ಒಂದೂವರೆ ಗಂಟೆ ಕಾರು ಓಡಿಸಿಕೊಂಡು ಹೊಲಿಗೆ ಕಾರ್ಖಾನೆ ತಲುಪಿದರೆ, ಮೇಲ್ವಿಚಾರಕಿ ಬಾಗಿಲಲ್ಲೇ ತಡೆದಳು.

"ಇದೇನು ಮೇಡಂ, ಇವತ್ತು ಬಂದಿದೀರಾ? ನಿನ್ನೆ ನಲವತ್ತು ಜನ ಮಿಷನ್ ನಿಲ್ಲಿಸಿ ನಿಮಗೋಸ್ಕರ ಕಾದ್ರು."

ನಂಬರಮ್ಮ ಡೈರಿ ತೆಗೆದು ನೋಡಿದಳು. ನಿನ್ನೆಯ ತಾರೀಖೇ. ಅವಳದೇ ಅಕ್ಷರ. ಇಷ್ಟು ವರ್ಷದಲ್ಲಿ ಒಮ್ಮೆಯೂ ತಾರೀಖು ತಪ್ಪಿದವಳಲ್ಲ. ಮುಖ ಸಣ್ಣದು ಮಾಡಿಕೊಂಡು, ಲೆನ್ಸಿನ ಪೆಟ್ಟಿಗೆಯನ್ನು ಮತ್ತೆ ಕಾರಿಗೆ ತುಂಬಿ ಹೊರಟಳು.

ಮಧ್ಯಾಹ್ನ ಹನ್ನೆರಡರ ಹೊತ್ತು. ಮುಚ್ಚಿಹೋದ ಕಲ್ಲುಕ್ವಾರಿಯ ಪಕ್ಕದ ರಸ್ತೆ. ಆಕಾಶವೆಲ್ಲ ಬೆಳ್ಳಗೆ ಮಬ್ಬು ಹಿಡಿದು, ಬಿಸಿಲಿದ್ದರೂ ಯಾವುದರ ನೆರಳೂ ನೆಲಕ್ಕೆ ಬೀಳುತ್ತಿರಲಿಲ್ಲ. ಕ್ವಾರಿಯ ತಿರುವು ದಾಟುತ್ತಿದ್ದಂತೆ ಕಾರಿನೊಳಗೆ ಟಿಂವ್, ಟಿಂವ್ ಅಂತ ಸದ್ದು ಶುರುವಾಯಿತು. ಪಕ್ಕದ ಸೀಟಿನವರು ಬೆಲ್ಟ್ ಹಾಕಿಲ್ಲ ಎಂದು ಎಚ್ಚರಿಸುವ ಕೆಂಪು ದೀಪವೂ ಹೊತ್ತಿಕೊಂಡಿತು. ಸೀಟಿನ ಮೇಲೆ ಅವಳ ಕೈಚೀಲ ಕೂಡ ಇರಲಿಲ್ಲ. ಅಲ್ಲಿಂದ ನೂರು ಗಜ ಹೋಗುವಷ್ಟರಲ್ಲಿ ಇಂಜಿನ್ ಎರಡು ಸಲ ಕೆಮ್ಮಿ ನಿಂತೇಹೋಯಿತು. ಮತ್ತೆ ಎಷ್ಟು ಕೀ ತಿರುಗಿಸಿದರೂ ಜಪ್ಪಯ್ಯ ಅನ್ನಲಿಲ್ಲ.

ಮೆಕ್ಯಾನಿಕ್‌ಗೆ ಫೋನ್ ಮಾಡಿದಳು. ಅವಳ ಕಾರಿನ ನಾಡಿ ಬಲ್ಲವನು ಅವನೊಬ್ಬನೇ.

"ಬರ್ತೀನಕ್ಕಾ, ಒಂದು ಗಂಟೆ ಆಗುತ್ತೆ. ಮೊದಲು ಪಕ್ಕದಲ್ಲಿ ಕೂತಿರೋರಿಗೆ ಬೆಲ್ಟ್ ಹಾಕ್ಕೊಳ್ಳೋಕೆ ಹೇಳಿ. ಆ ಸದ್ದಲ್ಲಿ ನಿಮ್ಮ ಮಾತೇ ಕೇಳಿಸ್ತಿಲ್ಲ."

"ಯಾರೂ ಇಲ್ಲ ಕಣಪ್ಪಾ. ನಾನೊಬ್ಬಳೇ."

"ಹಾಗಾದ್ರೆ ಕೀ ತೆಗೆದುಬಿಡಿ. ನಿಂತುಹೋಗುತ್ತೆ."

"ಕೀ ನನ್ನ ಕೈಯಲ್ಲೇ ಇದೆ."

ಆ ಕಡೆ ಸ್ಪ್ಯಾನರ್ ಕೆಳಗಿಟ್ಟ ಸದ್ದು ಕೇಳಿತು. "ಬೇಗ ಬರ್ತೀನಿ" ಎಂದು ಫೋನ್ ಇಟ್ಟ.

ಅವಳು ಖಾಲಿ ಸೀಟಿಗೆ ಬೆಲ್ಟ್ ಹಾಕಿ ನೋಡಿದಳು. ಸದ್ದು ನಿಲ್ಲಲಿಲ್ಲ. ಕೆಳಗಿಳಿದು ಬಾಗಿಲು ಹಾಕಿ ದೂರ ನಿಂತಳು. ಗಾಜಿನಾಚೆ ಮೆಲ್ಲಗೆ, ಒಂದೇ ಸಮ, ಟಿಂವ್ ಟಿಂವ್. ಹಕ್ಕಿಯ ದನಿಯಿಲ್ಲ, ಎಲೆ ಅಲುಗುತ್ತಿಲ್ಲ, ಒಂದು ಗಾಡಿಯ ಸುಳಿವಿಲ್ಲ. ಕ್ವಾರಿಯ ಹೊಂಡದಲ್ಲಿ ನಿಂತ ಹಸಿರು ನೀರಿನ ಕಡೆ ನೋಡಲು ಮನಸ್ಸಾಗದೆ ಬೆನ್ನು ತಿರುಗಿಸಿದಳು. ಬೆನ್ನು ತಿರುಗಿಸಿದ್ದು ಇನ್ನೂ ಕೆಟ್ಟದಾಯಿತು.

ಹೆದರಿಕೆಯಾದಾಗ ಅವಳಿಗೆ ಗೊತ್ತಿದ್ದ ಮದ್ದು ಒಂದೇ, ಕೆಲಸ. ಕಾರಿನ ಹಿಂದಿನಿಂದ ಪೆಟ್ಟಿಗೆ ಇಳಿಸಿದಳು. ಎದುರಿಗೆ ಆರು ಮೀಟರ್ ಹೆಜ್ಜೆಯಲ್ಲೇ ಅಳೆದು, ಅಕ್ಷರದ ಚಾರ್ಟನ್ನು ರಸ್ತೆ ಬಾಗುವಲ್ಲಿದ್ದ ಕ್ವಾರಿಯ ತಂತಿಬೇಲಿಗೆ ನೇತುಹಾಕಿದಳು. ಒಳಗೆ ಬಂದು ಕೂತು, ಲೆನ್ಸ್ ಬದಲಾಯಿಸಿ ನೋಡುವ ಖಾಲಿ ಫ್ರೇಮನ್ನು ಪಕ್ಕದ ಸೀಟಿನ ಮುಂದೆ, ಗಾಜಿನ ಮೇಲಿನಿಂದ ಮಡಚಿ ಇಳಿಸುವ ಬಿಸಿಲುಮರೆಗೆ ಸಿಕ್ಕಿಸಿದಳು. ಒಬ್ಬ ಮನುಷ್ಯ ಕೂತರೆ ಕಣ್ಣು ಎಲ್ಲಿ ಬರುತ್ತದೋ ಅಷ್ಟೇ ಎತ್ತರಕ್ಕೆ.

"ಹೆದರ್ಕೋಬೇಡಿ," ಎಂದಳು. ಯಾರಿಗೆ ಹೇಳಿದಳೋ ಅವಳಿಗೇ ತಿಳಿಯಲಿಲ್ಲ. "ನೋವಾಗೋದಿಲ್ಲ. ಮೇಲಿನ ಸಾಲು ಕಾಣುತ್ತಾ?"

ಟಿಂವ್, ಟಿಂವ್, ಟಿಂವ್.

ಮೈನಸ್ ಒಂದು ಹಾಕಿದಳು. ಬದಲಾಗಲಿಲ್ಲ. ಮೈನಸ್ ಎರಡು. ಸದ್ದಿನ ನಡುವೆ ಚೂರು ಬಿಡುವು ಬಂದಂತಾಯಿತು. ಭ್ರಮೆ ಇರಬೇಕೆಂದು ಪ್ಲಸ್ ಹಾಕಿ ನೋಡಿದಳು. ಸದ್ದು ರೇಗಿದಂತೆ ಜೋರಾಗಿ ಹೊಡೆದುಕೊಂಡಿತು. ಅವಳ ಮೈಮೇಲಿನ ಕೂದಲು ನಿಮಿರಿದವು. ಆದರೆ ಕೈ ತಾನಾಗಿ ಮುಂದಿನ ಲೆನ್ಸ್ ಹುಡುಕುತ್ತಿತ್ತು.

"ಆಯ್ತು, ಆಯ್ತು, ತೆಗೆದೆ. ಈಗ? ಇದು ಚೆನ್ನಾಗಿದೆಯಾ, ಮೊದಲಿನದಾ?"

ಮೈನಸ್ ಮೂರು. ಮೂರೂವರೆ. ಸದ್ದು ನಿಧಾನವಾಯಿತು. ಬಲಗಣ್ಣಿಗೆ ನಾಲ್ಕೂಕಾಲು ಹಾಕಿ, ಎಡಗಣ್ಣಿಗೆ ಐದರ ಲೆನ್ಸ್ ಇಟ್ಟದ್ದೇ ತಡ, ಸದ್ದು ನಿಂತಿತು. ಕೆಂಪು ದೀಪ ಆರಿತು. ಸೀಟಿನ ಒರಗು ಕಿರ್ರ್ ಎಂದಿತು, ಬಹಳ ಹೊತ್ತು ಮುಂದಕ್ಕೆ ಬಾಗಿ ಕೂತವರು ಹಿಂದಕ್ಕೆ ಒರಗಿದ ಹಾಗೆ.

ನಂಬರಮ್ಮ ಪಕ್ಕಕ್ಕೆ ತಿರುಗಲಿಲ್ಲ. ಚಾರ್ಟನ್ನೇ ನೋಡುತ್ತಾ ಕೂತಳು. ಪಕ್ಕದಲ್ಲೂ ಯಾರೋ ಅದನ್ನೇ, ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ, ಅವಸರವಿಲ್ಲದೆ ಓದುತ್ತಿದ್ದಾರೆ ಅನ್ನಿಸಿತು. ವಿಚಿತ್ರವೆಂದರೆ ಬೆಳಗಿನಿಂದ ಎದೆಯ ಮೇಲೆ ಕೂತಿದ್ದ ಭಾರ ಆಗ ಇಳಿಯಿತು.

ಮೆಕ್ಯಾನಿಕ್ ಬೈಕಿನಲ್ಲಿ ಬಂದಾಗ ಗಂಟೆ ಒಂದೂಕಾಲು. ಬಾನೆಟ್ ಎತ್ತಿ, ಬ್ಯಾಟರಿಯ ಸಡಿಲವಾದ ತಂತಿಯನ್ನು ಬಿಗಿ ಮಾಡಿದ. ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.

"ಕನೆಕ್ಷನ್ ಲೂಸ್ ಆದ್ರೆ ಏನೇನೋ ಆಟ ಆಡುತ್ತಕ್ಕಾ," ಎಂದ. ಆಮೇಲೆ ಬೇಲಿಯ ಮೇಲಿನ ಚಾರ್ಟ್ ನೋಡಿ, "ಯಾರಿಗೆ ಟೆಸ್ಟ್ ಮಾಡ್ತಿದ್ರಿ?"

"ಹೊತ್ತು ಹೋಗ್ಬೇಕಲ್ಲಪ್ಪಾ."

ಅವನು ನಕ್ಕು, ಒಳಗೊಮ್ಮೆ ನೋಡಿಬಿಡೋಣವೆಂದು ಪಕ್ಕದ ಬಾಗಿಲು ತೆಗೆದು ಸೀಟಿನ ಮೇಲೆ ಮಂಡಿಯೂರಲು ಹೋದ. "ಅಯ್ಯೋ, ನಿಧಾನ!" ಎಂದು ಅವಳು ಕೂಗಿಬಿಟ್ಟಳು. ಅವನು ಮಂಡಿ ಹಿಂದಕ್ಕೆಳೆದುಕೊಂಡ. ಬಾಗಿಲನ್ನು ಮೆಲ್ಲಗೆ ಮುಚ್ಚಿದ. ಊರು ಮುಟ್ಟುವವರೆಗೂ ಅವನ ಬೈಕು ಅವಳ ಕಾರಿನ ಹಿಂದೆಯೇ ಬಂತು.

ಮಾರನೆಯ ದಿನ ಅವಳು ಹೊಲಿಗೆ ಕಾರ್ಖಾನೆಗೆ ಹೋಗಿ, ತಪ್ಪಾಯಿತೆಂದು ಕೇಳಿಕೊಂಡು, ನಲವತ್ತು ಜನರ ಕಣ್ಣೂ ನೋಡಿಕೊಟ್ಟಳು. ಹೋಗುವಾಗಲೂ ಬರುವಾಗಲೂ ಅದೇ ತಿರುವು. ಕಾರು ತುಟಿಪಿಟಕ್ ಅನ್ನಲಿಲ್ಲ. ಕನ್ನಡಕದ ಅಂಗಡಿಗೆ ಕೊಟ್ಟ ಪಟ್ಟಿಯಲ್ಲಿ ಆ ಸಲ ನಲವತ್ತೊಂದು ನಂಬರುಗಳಿದ್ದವು.

ಕೊನೆಯ ಕನ್ನಡಕ ಸಿದ್ಧವಾಗಿ ಬಂದಾಗ ತಮ್ಮನ ಹೆಂಡತಿ ಕೈಗೆತ್ತಿಕೊಂಡು ಕೇಳಿದಳು, "ಅತ್ತಿಗೆ, ಇದ್ಯಾರದು? ಎಷ್ಟು ದಪ್ಪ ಗಾಜು!"

"ಒಬ್ಬ ಪೇಷಂಟ್‌ದು. ಹೆಸರು ಬರ್ಕೊಳ್ಳೋಕೆ ಮರೆತೆ."

ಅದನ್ನು ಕಾರಿನ ಡ್ಯಾಶ್‌ಬೋರ್ಡಿನ ಮೇಲೆ, ಪಕ್ಕದ ಸೀಟಿನ ಕಡೆಗೆ ಇಟ್ಟಿದ್ದಾಳೆ. ಅದನ್ನು ಯಾರೂ ಮುಟ್ಟುವುದಿಲ್ಲ. ಆದರೂ ವಾರಕ್ಕೊಮ್ಮೆ ಗಾಜಿನ ಮೇಲೆ ಹೆಬ್ಬೆರಳಿನ ಗುರುತು ಮೂಡಿರುತ್ತದೆ. ನಂಬರಮ್ಮ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಮತ್ತೆ ಅಲ್ಲೇ ಇಟ್ಟು, ಕಾರು ಸ್ಟಾರ್ಟ್ ಮಾಡುತ್ತಾಳೆ.