ಒಂದು ಲಕ್ಷದ ಹದಿಮೂರರ ಭಾಜಕ

ನೂರಾ ಮೂರರ ಪಕ್ಕದಲ್ಲಿ ಗುರುತಿರಲಿಲ್ಲ. ಅದರ ಹಿಂದಿನ ನೂರಾ ಒಂದಕ್ಕೆ ಹೆಡ್ ಮಾಸ್ಟರರ ಕೆಂಪು ಗುರುತಿತ್ತು, ಮುಂದಿನ ನೂರಾ ಏಳಕ್ಕೆ ನನ್ನ ನೀಲಿಯದು.

ಕಳಸದ ಹತ್ತಿರದ ಪ್ರೌಢಶಾಲೆಯಲ್ಲಿ ನಾನು ಗಣಿತದ ಅತಿಥಿ ಶಿಕ್ಷಕಿ. ಹೆಡ್ ಮಾಸ್ಟರರ ವಿಷಯವೂ ಗಣಿತವೇ. ಚಿಕ್ಕಮಗಳೂರಿನ ಸ್ಪರ್ಧೆಗೆ ಒಬ್ಬರನ್ನು ಆರಿಸಲು ಪರೀಕ್ಷೆ ಇಟ್ಟಿದ್ದೆವು. ಕೊನೆಯ ಪ್ರಶ್ನೆ ನನ್ನದು: 1,00,013 ಅವಿಭಾಜ್ಯವೋ, ಭಾಜ್ಯವೋ? ಉತ್ತರಕ್ಕೆ ಒಂದು ಪದ ಸಾಕು. ಅದು ಸುಲಭಕ್ಕೆ ಸಿಗದ ಸಂಖ್ಯೆ. ಬೆಸ, ಅಂಕಿಗಳ ಮೊತ್ತ ಐದು, ಹನ್ನೊಂದರ ಪರೀಕ್ಷೆಗೂ ಜಗ್ಗುವುದಿಲ್ಲ. ವರ್ಗಮೂಲ 316ಕ್ಕಿಂತ ತುಸು ಹೆಚ್ಚು. ಅಲ್ಲಿಯವರೆಗಿನ ಅರವತ್ತೈದು ಅವಿಭಾಜ್ಯಗಳಲ್ಲಿ ಯಾವುದರಿಂದಲೂ ಭಾಗವಾಗದಿದ್ದರೆ ಅದೂ ಅವಿಭಾಜ್ಯ.

"ಸಾಲು ಹಂಚ್ಕೊಳ್ಳುವ ಮಾರಾಯ್ರೆ," ಎಂದಿದ್ದರು ಹೆಡ್ ಮಾಸ್ಟರು. ಆ ಅರವತ್ತೈದನ್ನೂ ಪಟ್ಟಿ ಮಾಡಿ ಹಂಚಿಕೊಂಡು, ಭಾಗಿಸಿ ನೋಡಿದ್ದರ ಪಕ್ಕ ಗುರುತು ಹಾಕುತ್ತ ಹೋಗಿದ್ದೆವು.

ಅವರದೂ ನಮ್ಮದೂ ಕಾಫಿ ಬೆಳೆಯುವ ಮನೆಗಳೇ. ಕೊಯ್ಲಿನಲ್ಲಿ ಇಬ್ಬರ ಸಾಲುಗಳ ನಡುವಿನ ಗಡಿಯ ಗಿಡವನ್ನು ಪಕ್ಕದವರಿಗೆ ಬಿಡುವುದು ನಮ್ಮಲ್ಲಿ ಮರ್ಯಾದೆ. ಪಟ್ಟಿಯಲ್ಲಿ ನಾನೆಳೆದ ಗೆರೆ ನೂರಾ ಮೂರರ ಮೇಲೇ ಹಾದುಹೋಗಿತ್ತು. ಹಿರಿಯರೆಂದು ನಾನು ಅವರಿಗೆ ಬಿಟ್ಟೆ. ಕಿರಿಯಳೆಂದು ಅವರು ನನಗೆ ಬಿಟ್ಟರು. ಉತ್ತರಪಟ್ಟಿಯಲ್ಲಿ 'ಅವಿಭಾಜ್ಯ' ಎಂದು ಬರೆದೆವು.

ಫಲಿತಾಂಶ ಹೇಳಿದ ಮರುದಿನ ಮಧ್ಯಾಹ್ನ, ಒಂದು ಅಂಕದಿಂದ ಸೋತ ಹುಡುಗಿ ಸ್ಟಾಫ್ ರೂಮಿಗೆ ಬಂದು ತನ್ನ ರಫ್ ಹಾಳೆಯನ್ನು ಮೇಜಿನ ಮೇಲಿಟ್ಟಳು.

"ನಂಗೆ ಭಾಗ ಹೋಯ್ತು ಮೇಡಂ. ಎಲ್ಲಿ ತಪ್ಪಿದೆ ಅಂತ ಮೂರು ಸಲ ನೋಡ್ದೆ. ಸಿಗ್ಲಿಲ್ಲ."

103 × 971. ನಾನೂ ಗುಣಿಸಿದೆ. ಸರಿಯಾಗಿತ್ತು. 971 ಕೂಡ ಅವಿಭಾಜ್ಯವೇ. ಆದ್ದರಿಂದ ಅಷ್ಟು ದೊಡ್ಡ ಸಂಖ್ಯೆಗೆ ಒಂದನ್ನೂ ಅದನ್ನೂ ಸೇರಿಸಿ ಭಾಜಕಗಳು ನಾಲ್ಕೇ. ಅವಳನ್ನು ತರಗತಿಗೆ ಕಳಿಸಿ, ಬೀರುವಿನಿಂದ ನಮ್ಮ ಪಟ್ಟಿ ತೆಗೆದೆ. ನೂರಾ ಮೂರರ ಪಕ್ಕ ಖಾಲಿಯಿತ್ತು. ಗೆದ್ದವಳು 'ಅವಿಭಾಜ್ಯ' ಎಂದು ಬರೆದಿದ್ದಳು. ಆ ಅಂಕ ಇವಳಿಗೆ ಬಂದರೆ ಸ್ಥಾನವೂ ಇವಳದೇ.

ಹೆಡ್ ಮಾಸ್ಟರು ಹಾಳೆಯ ಅಂಚಿನಲ್ಲಿ ತಾವೂ ಒಮ್ಮೆ ಗುಣಿಸಿ ನೋಡಿದರು.

"ನಾಳೆ ಹತ್ತು ಗಂಟೆಗೆ ಹೆಸರು ಕಳಿಸ್ಬೇಕು. ಗೆದ್ದ ಮಗು ಮನೇಲಿ ನಿನ್ನೇನೇ ಪಾಯಸ ಆಗಿದೆ. ಇಬ್ಬರು ಗಣಿತದವ್ರು ಸೇರಿ ಒಂದು ಭಾಗಾಕಾರ ಬಿಟ್ವಿ ಅಂತ ಊರೆಲ್ಲ ಹೇಳ್ಕೊಂಡು ಬರೋದಾ?"

"ಊರಿಗೆ ಬೇಡ ಸರ್. ಆ ಮನೆಗೆ ಹೇಳ್ಬೇಕು."

"ಯಾರು ಹೇಳೋದು?"

ಅಷ್ಟರಲ್ಲಿ ಗಂಟೆ ಹೊಡೆಯಿತು, ಅವರು ಎದ್ದು ತರಗತಿಗೆ ಹೋದರು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಸಂಸೆಗೆ ಹೋದೆ. ಗೆದ್ದ ಹುಡುಗಿ ಜಗಲಿಯಲ್ಲಿ ಜಡೆ ಹಾಕಿಸಿಕೊಳ್ಳುತ್ತಿದ್ದಳು. ಅವಳ ಅಮ್ಮ ಕುರ್ಚಿ ತಂದಿಟ್ಟರು. ನಾನು ಕೂರಲಿಲ್ಲ. ಹುಡುಗಿಯ ಕೈಗೆ ಪೆನ್ನು ಕೊಟ್ಟು, ನೂರಾ ಮೂರರಿಂದ ಭಾಗಿಸಿ ನೋಡು ಎಂದೆ. ಅವಳು ಮುಗಿಸಿ ತಲೆ ಎತ್ತಿದ ಮೇಲೆ, ತಪ್ಪು ನನ್ನದು, ಸ್ಥಾನ ಇನ್ನೊಬ್ಬಳದು ಎಂದು ಇಬ್ಬರಿಗೂ ಹೇಳಿ, ಅಲ್ಲಿಂದಲೇ ಹೆಡ್ ಮಾಸ್ಟರಿಗೆ ಫೋನ್ ಮಾಡಿದೆ.