ಮೀನು ಮೇಷ್ಟ್ರ ಗೇಟು

ಕಾಲೇಜಿನಲ್ಲಿ ಅವರನ್ನು ಎಲ್ಲರೂ ಮೀನು ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಪ್ರಾಣಿಗಳು ಯಾಕೆ ಜಗಳವಾಡುತ್ತವೆ ಎಂಬುದು ಅವರ ಪಾಠ. ಗಾಜಿನ ತೊಟ್ಟಿಯಲ್ಲಿ ಎರಡು ಗಂಡು ಮೀನು ಬಿಟ್ಟು ತೋರಿಸುತ್ತಿದ್ದರು: ತನ್ನ ಗೂಡಿನ ಬಳಿ ಹುಲಿಯಂತೆ ಎಗರುವ ಮೀನು, ಇನ್ನೊಂದರ ಗೂಡು ಹತ್ತಿರವಾದಂತೆ ಬಾಲ ಮುದುರಿಕೊಳ್ಳುತ್ತದೆ.

"ಮನುಷ್ಯರೂ ಇಷ್ಟೇನಾ ಸಾರ್?" ಎಂದು ಪ್ರತಿವರ್ಷ ಯಾರಾದರೊಬ್ಬರು ಕೇಳುತ್ತಿದ್ದರು.

"ಮನುಷ್ಯರು ಸಿಲಬಸ್‌ನಲ್ಲಿಲ್ಲ."

ಪಕ್ಕದ ಮನೆಯ ಟೈಲರ್ ದಿನಾ ಬೆಳಿಗ್ಗೆ ತನ್ನ ಸ್ಕೂಟರನ್ನು ಮೇಷ್ಟ್ರ ಗೇಟಿಗೆ ಅಡ್ಡ ನಿಲ್ಲಿಸುತ್ತಿದ್ದ. ತರಗತಿಯಲ್ಲಿ ಯಾರನ್ನೂ ಗದರದ ಮೇಷ್ಟ್ರು ಗೇಟಿನ ಸರಳು ಹಿಡಿದು, "ಕಣ್ಣು ಕಾಣಲ್ವೇನಯ್ಯಾ ನಿಂಗೆ?" ಎಂದು ಬೀದಿಯೇ ಬೆಚ್ಚುವಂತೆ ಕೂಗುತ್ತಿದ್ದರು. ಆತ ತನ್ನ ಮೆಟ್ಟಿಲ ಮೇಲಿಂದ, "ರಸ್ತೆ ಏನು ನಿಮ್ಮಪ್ಪಂದಾ?" ಎನ್ನುತ್ತಿದ್ದ.

ಒಮ್ಮೆ ಸಿಟ್ಟಿನ ಭರದಲ್ಲಿ ಟೈಲರ್‌ನ ಮೆಟ್ಟಿಲ ತನಕ ಹೋದ ಮೇಷ್ಟ್ರಿಗೆ ದನಿಯೇ ಇಳಿದುಹೋಯಿತು. "ಸ್ವಲ್ಪ ಆಚೆ ಇಟ್ಕೊಳಿ" ಎಂದಷ್ಟೇ ಹೇಳಿ ವಾಪಸಾದರು. ತಮ್ಮ ಗೇಟು ಮುಟ್ಟಿದ್ದೇ ತಡ, ದನಿ ಮರಳಿತು. ಮೇಷ್ಟ್ರಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಕುತೂಹಲ.

ಮರುದಿನ ಅವನನ್ನು ಪಾರ್ಕಿಗೆ ಕರೆದರು. ಅದು ಯಾರ ಗೂಡೂ ಅಲ್ಲ. ಬೆಂಚಿನ ಮೇಲೆ ಕೂತರೆ ಇಬ್ಬರ ಬಾಯಿಗೂ ಬೈಗುಳ ಬರಲೊಲ್ಲದು. ಕೊನೆಗೆ ಟೈಲರ್, "ಸಾರ್, ಈ ಪ್ಯಾಂಟು ಯಾರು ಹೊಲಿದಿದ್ದು? ಒಂದು ಕಾಲು ಉದ್ದ ಇದೆ," ಎಂದ. ಅಂದಿನಿಂದ ಸಂಜೆ ಬೆಂಚಿನಲ್ಲಿ ಕಷ್ಟಸುಖ, ಬೆಳಿಗ್ಗೆ ಗೇಟಿನಲ್ಲಿ ಜಗಳ. ಸ್ಕೂಟರ್ ಒಂದಿಂಚೂ ಕದಲಲಿಲ್ಲ.

"ಅಷ್ಟು ಸ್ನೇಹ ಇದ್ಮೇಲೆ ಈ ಕೂಗಾಟ ಯಾಕ್ರೀ?" ಎಂದರು ಹೆಂಡತಿ.

"ಅದು ಬೆಂಚು, ಇದು ಗೇಟು. ಬೇರೆ ಬೇರೆ ಕಣೇ."

ಹೀಗೇ ವರ್ಷಗಳು ಕಳೆದವು. ಒಂದು ದಿನ ಟೈಲರ್ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ. ಗೇಟು ಬಿಕೋ ಎನ್ನತೊಡಗಿತು. ಮೇಷ್ಟ್ರು ನೋಡಲು ಹೋದರೆ ಆತ ಗೋಡೆಗೆ ಮುಖ ಮಾಡಿ ಮಲಗಿದ್ದ.

"ಆಸ್ಪತ್ರೆಯಿಂದ ಬಂದಾಗಿಂದ ಅಪ್ಪ ಮಾತೇ ಆಡಿಲ್ಲ ಸಾರ್," ಎಂದಳು ಮಗಳು.

ಮೇಷ್ಟ್ರು ಮಾತಾಡಿಸಿ ನೋಡಿದರು. ಊಹೂಂ. ಎದ್ದು ಹೋಗಿ ಕೋಣೆಯ ಮೂಲೆಯಲ್ಲಿದ್ದ ಅವನ ಹೊಲಿಗೆ ಯಂತ್ರದ ಮುಂದೆ ಕೂತು ಪೆಡಲ್ ಒತ್ತಿದರು. ದಾರ ಪಟ್ಟನೆ ತುಂಡಾಯಿತು.

ಹಾಸಿಗೆ ಅಲುಗಾಡಿತು. "ಏಯ್! ಯಾರ್ರೀ ಅದು? ಏಳ್ರೀ ಮೇಲೆ! ನಿಮಗೆ ಮೈಮೇಲೆ ಜ್ಞಾನ ಇದೆಯೇನ್ರೀ?"

ಮಗಳು ಅಡುಗೆಮನೆಯಿಂದ ಓಡಿಬಂದಳು. ಮೇಷ್ಟ್ರು ತಲೆ ತಗ್ಗಿಸಿ, ತೃಪ್ತಿಯಾಗುವಷ್ಟು ಬೈಸಿಕೊಂಡು ಹೊರಬಂದರು. ಮರುದಿನವೂ ಹೋದರು.