ಉಳ್ಳಾಗಡ್ಡಿ ಒಲ್ಲದ ಮನೆಯ ನೆತ್ತಿ

ಬೆಳಿಗ್ಗೆ ಸ್ನಾನ ಮುಗಿಸಿ, ತಲೆ ಬಾಚಿಕೊಂಡು, ಆಮೇಲೆ ಬಾಚಣಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುವ ಚಾಳಿ ನಿಮಗಿದ್ದರೆ, ನೀವು ನಲವತ್ತು ದಾಟಿದವರೆಂದು ನಾನು ಕೇಳದೆಯೇ ಹೇಳಬಲ್ಲೆ. ಅದಕ್ಕಿಂತ ಚಿಕ್ಕವರು ಕನ್ನಡಿ ನೋಡುತ್ತಾರೆ. ನಾವು ಬಾಚಣಿಕೆ ನೋಡುತ್ತೇವೆ. ನನ್ನದು ನಮ್ಮಪ್ಪನಿಂದ ಬಂದ ಕಟ್ಟಿಗೆಯ ಬಾಚಣಿಕೆ. ಶೇಡಬಾಳದಲ್ಲಿ ನನ್ನ ಪಾಲಿಗೆ ಬಂದ ಕಬ್ಬಿನ ಹೊಲ ಸ್ಥಿರಾಸ್ತಿಯಾದರೆ ಈ ಬಾಚಣಿಕೆ ಚರಾಸ್ತಿ. ಅದರ ಅಗತ್ಯವನ್ನೇ ವರ್ಷದಿಂದ ವರ್ಷಕ್ಕೆ ಕಡಿಮೆ ಮಾಡುವಂಥ ನೆತ್ತಿಯನ್ನೂ ಅಪ್ಪನೇ ದಯಪಾಲಿಸಿ ಹೋದ.

ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತ ಕಲಿಸುತ್ತ ಮುಖ್ಯೋಪಾಧ್ಯಾಯನಾದ ನನಗೆ ಇದೊಂದು ತೊಂದರೆಯೆಂದು ಅನ್ನಿಸಿರಲಿಲ್ಲ. ಆದರೆ ಹೋದ ವರ್ಷ ನಿವೃತ್ತಿ ಹತ್ತಿರವಾಯಿತು. ಬೀಳ್ಕೊಡುಗೆಯ ದಿನ ತೆಗೆದ ಫೋಟೋಕ್ಕೆ ಕಟ್ಟು ಹಾಕಿಸಿ ಆಫೀಸಿನ ಗೋಡೆಗೆ ತೂಗುಹಾಕುವುದು ನಮ್ಮ ಶಾಲೆಯ ಸಂಪ್ರದಾಯ. ನಾನು ಗಳಿಸಬಹುದಾದ ಅಮರತ್ವವೆಲ್ಲ ಆ ಒಂದು ಚೌಕಟ್ಟಿನೊಳಗೇ ಇತ್ತು. ಅದರಲ್ಲಿ ನನ್ನ ಮುಖಕ್ಕಿಂತ ಮೊದಲು ನೆತ್ತಿಯೇ ಹೊಳೆದು, ಮುಂದಿನ ಮೂವತ್ತು ವರ್ಷ ಮಕ್ಕಳು ಅದನ್ನು ತೋರಿಸಿ ನಗುವ ದೃಶ್ಯ ಕಣ್ಣಿಗೆ ಕಟ್ಟತೊಡಗಿತು. ಫೆಬ್ರುವರಿಯಲ್ಲಿ, ಕೈಯಲ್ಲಿ ಮೂರು ತಿಂಗಳು ಉಳಿದಿದ್ದಾಗ, ನಾನು ಸೌಂದರ್ಯೋಪಾಸಕನಾದೆ.

ಈ ಶಾಸ್ತ್ರದಲ್ಲಿ ನಮ್ಮ ಮನೆಯ ಗುರುಸ್ಥಾನ ನನ್ನ ಹೆಂಡತಿ ಸುನಂದಾಳದು. ಅವಳ ತವರು ನಿಪ್ಪಾಣಿ. ಹಾಗಾಗಿ ಅವಳ ಮೊಬೈಲಿನೊಳಗಿನ ಗುರುಗಳೆಲ್ಲ ಮರಾಠಿಯಲ್ಲಿ ಮಾತಾಡುತ್ತಾರೆ. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಕಡಲೆಹಿಟ್ಟು, ಅರಿಷಿಣ, ಹಾಲಿನ ಕೆನೆ ಕಲಸಿ ಮುಖಕ್ಕೆ ಬಳಿದುಕೊಂಡು ಅವಳು ಕಣ್ಣುಮುಚ್ಚಿ ಕೂತಳೆಂದರೆ ಅರ್ಧ ತಾಸು ಮನೆಯಲ್ಲಿ ಶಾಂತಿ ನೆಲೆಸುತ್ತದೆ. ಮುಖ ಒಣಗುವತನಕ ಮಾತಾಡುವಂತಿಲ್ಲವಲ್ಲ. ಉಗುರಿಗೆ ನಿಂಬೆಯ ಸಿಪ್ಪೆ, ಒಡೆದ ಹಿಮ್ಮಡಿಗೆ ಕೊಬ್ಬರಿ ಎಣ್ಣೆ, ಮೊಣಕೈಗೆ ಮೊಸರು ಎಂದು ಪ್ರತಿ ಅಂಗಕ್ಕೂ ಅವಳಲ್ಲಿ ಒಂದೊಂದು ನೈವೇದ್ಯವಿದೆ. ಇಷ್ಟೆಲ್ಲ ಬಲ್ಲವಳು ನನ್ನ ನೆತ್ತಿಯ ವಿಷಯಕ್ಕೆ ಬಂದಾಗ ಮಾತ್ರ ಮೊಬೈಲನ್ನು ನನ್ನ ಕೈಗಿತ್ತು ನಕ್ಕುಬಿಟ್ಟಳು.

ಯಾಕೆ ನಕ್ಕಳೆಂಬುದು ನೋಡಿದ ಮೇಲೆ ತಿಳಿಯಿತು. ಒಬ್ಬಾಕೆ ಕೂದಲಿಗೆ ಮೊಟ್ಟೆ ಒಡೆದು ಹಚ್ಚಲು ಹೇಳಿದಳು. ಇನ್ನೊಬ್ಬಾಕೆ ಜೇನುತುಪ್ಪ ಅಂದಳು. ಮೂರನೆಯಾಕೆ ಕಣ್ಣಿನ ಕೆಳಗಿನ ಕಪ್ಪಿಗೆ ಬಟಾಟೆ, ಉಗುರು ಗಟ್ಟಿಯಾಗಲು ಬಳ್ಳೊಳ್ಳಿ ಎಂದು ನನಗೆ ಬೇಡದ್ದನ್ನೂ ಸೇರಿಸಿದಳು. ಕೊನೆಗೆ ಎಲ್ಲರೂ ಒಮ್ಮತದಿಂದ ಬಂದು ನಿಂತದ್ದು ಉಳ್ಳಾಗಡ್ಡಿಯ ರಸಕ್ಕೆ. ನಾವು ಜೈನರು. ಮಾಂಸ ಮೊಟ್ಟೆಯ ಮಾತು ಬಿಡಿ, ಜೇನೂ ನಮಗೆ ವರ್ಜ್ಯ. ನೆಲದೊಳಗೆ ಬೆಳೆಯುವ ಗಡ್ಡೆಗೆಣಸು ನಮ್ಮ ಹೊಸ್ತಿಲು ದಾಟುವುದಿಲ್ಲ. ಅಖಿಲ ಭಾರತದ ಕೇಶತಜ್ಞೆಯರೆಲ್ಲ ಸೇರಿ ನಮ್ಮ ಮನೆಯ ನಿಷೇಧಗಳ ಪಟ್ಟಿಯನ್ನೇ ಔಷಧಿಯ ಚೀಟಿಯಾಗಿ ಬರೆದುಕೊಟ್ಟಂತಿತ್ತು.

ಹಾಗಾದರೆ ಅರಿಷಿಣವೂ ಗಡ್ಡೆಯಲ್ಲವೇ ಎಂದು ನೀವು ಕೇಳಬಹುದು. ಚಿಕ್ಕವನಿದ್ದಾಗ ನಾನೂ ಅವ್ವನನ್ನು ಕೇಳಿದ್ದೆ. ಒಣಗಿದ ಮೇಲೆ ಅದು ಗಡ್ಡೆಯಲ್ಲ, ಪುಡಿ ಎಂದು ಆಕೆ ತೀರ್ಪಿತ್ತಿದ್ದಳು. ಆ ತೀರ್ಪಿನ ಮೇಲೆ ಅಪೀಲು ಇಲ್ಲ. ಎಂಬತ್ತು ದಾಟಿದ ಅವ್ವ ದಿನಕ್ಕೊಮ್ಮೆ, ಹೊತ್ತು ಮುಳುಗುವ ಮೊದಲು ಊಟ ಮಾಡುವಾಕೆ. ಅಡಿಗೆಮನೆಯ ಶುದ್ಧಿಯಲ್ಲಿ ಸಂಶಯ ಬಂದರೆ ಆ ಒಂದು ಊಟವೂ ಇಲ್ಲ, ನೀರೂ ಇಲ್ಲ. ಆದ್ದರಿಂದ ನನ್ನ ಪ್ರಶ್ನೆ ಕೂದಲಿನದಷ್ಟೇ ಆಗಿರಲಿಲ್ಲ, ಅವ್ವನ ಊಟದ್ದೂ ಆಗಿತ್ತು. ತಿನ್ನುವುದು ತಾನೇ ನಿಷಿದ್ಧ, ತಿಕ್ಕುವುದಕ್ಕೇನು ಎಂದು ನಾನು ನನ್ನೊಳಗೇ ವಾದ ಮಂಡಿಸಿ ಗೆದ್ದೆನಾದರೂ, ಅದನ್ನು ಅವ್ವನ ಮುಂದೆ ಮಂಡಿಸುವ ಧೈರ್ಯ ಬರಲಿಲ್ಲ.

ಊರ ಅಂಚಿನಲ್ಲಿ ಆಡು ಸಾಕಿರುವ ಸಿದ್ದಪ್ಪ ನನ್ನ ಬಾಲ್ಯದ ಗೆಳೆಯ. ಅವನ ಆಡಿನ ದೊಡ್ಡಿಯೇ ನನ್ನ ಗುಪ್ತ ಸೌಂದರ್ಯಶಾಲೆಯಾಯಿತು. ನಾನು ವಿಷಯ ಹೇಳಿದಾಗ ಅವನು ಬಹಳ ಹೊತ್ತು ನನ್ನ ನೆತ್ತಿಯನ್ನೇ ನೋಡಿ, "ಈ ವಯಸ್ಸಿನ್ಯಾಗ ಯಾರಿಗಿ ತೋರ್ಸಾಕರಿ ಸರ?" ಎಂದ. ಗೋಡೆಗೆ ಎಂದೆ. ಅವನಿಗೆ ಅರ್ಥವಾದಂತೆ ಕಾಣಲಿಲ್ಲ, ಆದರೂ ಉಳ್ಳಾಗಡ್ಡಿ ತಂದಿಟ್ಟ. ಹೆಚ್ಚುವ ಕೆಲಸ ನಾನೇ ಮಾಡುತ್ತೇನೆಂದು ಹಠ ಹಿಡಿದೆ. ಐವತ್ತೊಂಬತ್ತು ವರ್ಷ ಉಳ್ಳಾಗಡ್ಡಿಯನ್ನು ಅಂಗಡಿಯ ಮುಂದಿನ ಗುಡ್ಡೆಯಲ್ಲಷ್ಟೇ ಕಂಡವನಿಗೆ ಅದರ ಸ್ವಭಾವ ಏನು ಗೊತ್ತು? ಎರಡನೆಯ ಹೋಳಿಗೇ ಕಣ್ಣು ಧಾರಾಕಾರವಾಗಿ ಸುರಿಯಲು ಶುರುವಾಗಿ, ನನಗೆ ದೃಷ್ಟಿಯೇ ಹೋಯಿತೆಂದು ಗಾಬರಿಬಿದ್ದು ರಸ ಮೆತ್ತಿದ ಕೈಯಲ್ಲೇ ಕಣ್ಣುಜ್ಜಿಕೊಂಡೆ. ಮುಂದಿನದನ್ನು ನೀವೇ ಊಹಿಸಿಕೊಳ್ಳಿ. ಸಿದ್ದಪ್ಪ ನನ್ನನ್ನು ನೀರಿನ ತೊಟ್ಟಿಗೆ ಕೈಹಿಡಿದು ಕರೆದೊಯ್ದ. ಆಡೊಂದು ಹತ್ತಿರ ಬಂದು ನನ್ನ ತಲೆ ಮೂಸಿ, ಸೀನಿ, ಬೆನ್ನು ತಿರುಗಿಸಿತು. ಸಿಕ್ಕದ್ದನ್ನೆಲ್ಲ ಮೇಯುವ ಪ್ರಾಣಿಯೂ ನನ್ನನ್ನು ನಿರಾಕರಿಸಿತೆಂಬ ನೋವು ನನಗೆ ಇಂದಿಗೂ ಇದೆ.

ಹೀಗೆ ಪ್ರತಿ ರವಿವಾರ ಹಚ್ಚಿ, ಒಂದು ತಾಸು ಬಿಟ್ಟು, ಸೀಗೆಕಾಯಿಯಿಂದ ಅಲ್ಲೇ ತೊಳೆದು ಮನೆಗೆ ಬರುತ್ತಿದ್ದೆ. ಸುನಂದಾ ಮೊದಲ ದಿನವೇ ಮೂಗು ಹಿಡಿದು ಪಡಸಾಲೆಯಲ್ಲಿ ನನಗೆ ಬೇರೆ ಹಾಸಿಗೆ ಹಾಸಿದಳು. ಅವ್ವನ ವಿಷಯದಲ್ಲಿ ಮಾತ್ರ ನಾನು ನಿಶ್ಚಿಂತ. ಜನ್ಮದಲ್ಲಿ ಉಳ್ಳಾಗಡ್ಡಿ ಮುಟ್ಟದಾಕೆಗೆ ಅದರ ವಾಸನೆ ಇದೇ ಎಂದು ಗುರುತು ಸಿಗುವುದಾದರೂ ಹೇಗೆ? ಈ ತರ್ಕ ಎಷ್ಟು ಗಟ್ಟಿಯಾಗಿತ್ತೆಂದರೆ, ಅದರ ಮೇಲೆ ಭಾರ ಹಾಕಿ ನಾನು ಮೂರು ತಿಂಗಳು ನಿದ್ದೆ ಮಾಡಿದೆ.

ನಡುವೆ ಒಂದು ದಿನ ಊರಿಗೆ ಬಂದಿದ್ದ ಮುನಿಗಳ ಕೇಶಲೋಚವಿತ್ತು. ಅವ್ವನನ್ನು ಕರೆದುಕೊಂಡು ಹೋದೆ. ಸಭೆಯ ನಡುವೆ ಕೂತ ಅವರು ತಲೆಗೆ ಬೂದಿ ಸವರಿಕೊಂಡು ತಮ್ಮ ಕೂದಲನ್ನು ತಮ್ಮ ಕೈಯಿಂದಲೇ, ಹುಬ್ಬು ಕೂಡ ಗಂಟಿಕ್ಕದೆ, ಕಿತ್ತು ಕಿತ್ತು ತೆಗೆಯುತ್ತಿದ್ದರು. ಸುತ್ತಲಿನವರ ಕಣ್ಣು ತೇವವಾಗಿತ್ತು. ತಾನಾಗಿ ಉದುರುವ ಕೂದಲಿಗಾಗಿ ಆಡಿನ ದೊಡ್ಡಿಯಲ್ಲಿ ಅಳುತ್ತಿದ್ದ ನಾನು ಕೈಮುಗಿದು ಕೂತಿದ್ದೆ. ನನಗೆ ನಿಜವಾಗಿ ನಾಚಿಕೆಯಾಯಿತು. ಅಂದು ರವಿವಾರವಾಗಿದ್ದರಿಂದ ಆ ನಾಚಿಕೆ ಸಂಜೆಯವರೆಗೆ ಮಾತ್ರ ಇತ್ತು.

ಮೇ ಕೊನೆಗೆ ಶಾಲೆ ಬಾಗಿಲು ತೆರೆದ ಎರಡನೆಯ ದಿನವೇ ಬೀಳ್ಕೊಡುಗೆ. ಹಿಂದಿನ ದಿನ ಎರಡು ಪಾಲು ರಸ ತಿಕ್ಕಿಸಿಕೊಂಡಿದ್ದೆ. ನೆತ್ತಿಯ ಮೇಲೆ ಹೊಸ ಚಿಗುರು ಕಾಣುತ್ತಿದೆಯೆಂದು ನನಗೂ, ಕಾಣುತ್ತಿಲ್ಲವೆಂದು ಸುನಂದಾಳಿಗೂ ಖಾತ್ರಿಯಿತ್ತು. ಇದ್ದಷ್ಟು ಕೂದಲನ್ನು ಅಪ್ಪನ ಬಾಚಣಿಕೆಯಿಂದ ಎಡದಿಂದ ಬಲಕ್ಕೆ ಹರಡಿ ವೇದಿಕೆ ಹತ್ತಿದೆ. ಭಾಷಣಗಳಾದವು, ಶಾಲು ಬಂತು, ಹಾರ ಬಂತು. ಆಮೇಲೆ ನಮ್ಮ ಸೀಮೆಯಲ್ಲಿ ಯಾವ ಸತ್ಕಾರಕ್ಕೂ ತಪ್ಪದ ಫೇಟಾ ಬಂತು. ಹತ್ತಾರು ಮೊಳದ ಕೇಸರಿ ಬಟ್ಟೆಯನ್ನು ನನ್ನ ತಲೆಗೆ, ಹುಬ್ಬಿನಿಂದ ಕಿವಿಯವರೆಗೆ, ಒಂದು ಕೂದಲೂ ಹೊರಗೆ ಇಣುಕದಂತೆ ಬಿಗಿದು ಸುತ್ತಿ, ತುರಾಯಿ ನಿಲ್ಲಿಸಿದರು. ಫೋಟೋದವನು ಆಗ ಮುಂದೆ ಬಂದ.

ಇಪ್ಪತ್ತೆಂಟು ವರ್ಷ ಆಫೀಸಿನ ಆ ಗೋಡೆಯ ಮುಂದೆಯೇ ಓಡಾಡಿದ್ದೇನೆ. ಅಲ್ಲಿರುವ ಒಬ್ಬ ಮುಖ್ಯೋಪಾಧ್ಯಾಯರ ಕೂದಲೂ ಕಾಣುವುದಿಲ್ಲ, ಎಲ್ಲರೂ ಫೇಟಾದೊಳಗಿದ್ದಾರೆ ಎಂಬುದು ನನಗೆ ಹೊಳೆದದ್ದು ಆ ಕ್ಷಣದಲ್ಲಿ. ಕಣ್ಣು ಬೋರ್ಡಿನ ಮೇಲಿರಲಿ ಎಂದು ಸಾವಿರಾರು ಮಕ್ಕಳ ಕಿವಿ ಹಿಂಡಿದವನು ನಾನು.

ಅಷ್ಟರಲ್ಲಿ ಫೇಟಾದೊಳಗೆ ಇನ್ನೊಂದು ವಿದ್ಯಮಾನ ನಡೆಯುತ್ತಿತ್ತು. ಸೆಕೆಗೆ ತಲೆ ಬೆವರಿ, ಮೂರು ತಿಂಗಳಿನ ಉಳ್ಳಾಗಡ್ಡಿ ಒಟ್ಟಿಗೇ ಎಚ್ಚರಗೊಂಡಿತು. ಪಕ್ಕದ ಕುರ್ಚಿಯವರು ನಯವಾಗಿ ಸರಿದು ಕೂತರು. ಅದೇ ಹೊತ್ತಿಗೆ ನನ್ನನ್ನು ಹರಸಲೆಂದು ಅವ್ವನನ್ನು ವೇದಿಕೆಗೆ ಕರೆದರು. ಆಕೆ ನನ್ನ ತಲೆಯ ಮೇಲೆ ಅಕ್ಷತೆ ಹಾಕಲು ಬಾಗಿದಳು, ಒಮ್ಮೆ ಉಸಿರೆಳೆದಳು, ನನ್ನ ಮುಖ ನೋಡಿದಳು. ಅಕ್ಷತೆ ಹಾಕಿ ಇಳಿದು ಹೋದಳು.

ಮನೆಗೆ ಬಂದಾಗ ಹೊತ್ತು ಇಳಿಯುತ್ತಿತ್ತು. ಸುನಂದಾ ತಾಟು ಬಡಿಸಿದಳು. ಅವ್ವ ಕೂತಳು, ಆದರೆ ಕೈಹಾಕಲಿಲ್ಲ. ಕಿಟಕಿಯಲ್ಲಿ ಬಿಸಿಲು ಕೆಂಪಾಗುತ್ತಿತ್ತು, ತಾಟಿನಲ್ಲಿ ಅನ್ನ ಆರುತ್ತಿತ್ತು. ನನ್ನ ಜೀವಮಾನದ ಸೇವೆಗೆ ಸಿಕ್ಕ ಸತ್ಕಾರದ ದಿನವೇ ನಾನು ಅವ್ವನನ್ನು ಉಪವಾಸ ಕೆಡವಿದೆನಲ್ಲ ಎಂದು ಬಾಗಿಲಲ್ಲೇ ನಿಂತೆ. ಆಕೆ ನನ್ನನ್ನು ಹತ್ತಿರ ಕರೆದು, ಎಷ್ಟು ದಿನವಾಯಿತು ಎಂದು ಕೇಳಿದಳು. ಮೂರು ತಿಂಗಳು, ಎಲ್ಲ ಸಿದ್ದಪ್ಪನ ದೊಡ್ಡಿಯಲ್ಲಿ, ಹೊಸ್ತಿಲ ಒಳಗೆ ಏನೂ ತಂದಿಲ್ಲ ಎಂದು ಒಂದೇ ಉಸಿರಿಗೆ ಒಪ್ಪಿಕೊಂಡೆ.

"ಕೂದಲಾ ಬಂದಾವೇನು?"

"ಇಲ್ಲ ಬೇ ಅವ್ವಾ."

"ನಿಮ್ಮಪ್ಪಗೂ ಬರಲಿಲ್ಲ," ಎಂದಳು ಅವ್ವ. "ಸಿದ್ದಪ್ಪನ ಅವ್ವ ತಂದ ಕೊಡತಿದ್ದಳು. ಅದ ದೊಡ್ಡ್ಯಾಗ ನಾನ ತಿಕ್ಕತಿದ್ದೆ. ನಿಮ್ಮ ಅಜ್ಜಿಗೆ ಗೊತ್ತಾಗಬಾರದಂತ."

ಅಷ್ಟು ಹೇಳಿ ತಾಟಿಗೆ ಕೈಹಾಕಿದಳು. ಸುನಂದಾ ಅಡಿಗೆಮನೆಗೆ ಓಡಿದಳು. ಅವಳ ನಗು ಅಲ್ಲಿಂದ ಕೇಳುತ್ತಿತ್ತು. ಗೋಡೆಯ ಮೇಲಿನ ಅಪ್ಪನ ಫೋಟೋ ನೋಡಿದೆ. ಅದರಲ್ಲಿ ಅಪ್ಪನೂ ಟೊಪ್ಪಿಗೆ ಹಾಕಿಕೊಂಡಿದ್ದಾನೆ.

ಈಗ ರವಿವಾರ ಅವ್ವನೇ ನನ್ನನ್ನು ಅಂಗಳದಲ್ಲಿ ಕೂರಿಸಿಕೊಂಡು ನೆತ್ತಿಗೆ ಕೊಬ್ಬರಿ ಎಣ್ಣೆ ತಟ್ಟುತ್ತಾಳೆ. ಕೂದಲು ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತು. ತಟ್ಟುತ್ತ ತಟ್ಟುತ್ತ ಆಕೆಯ ಕೈ ಕೆಲವೊಮ್ಮೆ ನಿಧಾನವಾಗುತ್ತದೆ. ಅದು ಆಗ ಸವರುತ್ತಿರುವುದು ನನ್ನ ತಲೆಯನ್ನಲ್ಲವೆಂದು ನನಗೆ ತಿಳಿಯುತ್ತದೆ. ನಾನು ಅಲುಗಾಡದೆ ಕೂರುತ್ತೇನೆ. ಆಮೇಲೆ ಬಾಚಣಿಕೆ ಆಡಿಸುತ್ತೇನೆ. ಹಲ್ಲಿಗೆ ಸಿಕ್ಕಿಕೊಂಡ ಒಂದೆರಡು ಕೂದಲನ್ನು ಬೆಳಕಿಗೆ ಹಿಡಿಯದೆ ಅಂಗಳಕ್ಕೆ ಊದಿ, ಬಾಚಣಿಕೆಯನ್ನು ಮಾತ್ರ ಒರೆಸಿ ಗೂಡಿನಲ್ಲಿ ಜೋಪಾನವಾಗಿ ಇಡುತ್ತೇನೆ.